ದುರುಗಣ್ಣನ ಉಡಿದಾರ

ಬ್ಲೇಡು ಕೈಗೆ ಬಂದಾಗ ರುದ್ರಾಣಿ ಇನ್ನೂ ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ನ್ಯಾಮತಿಯಿಂದ ಬೈಕಿನ ಹಿಂದೆ ಕೂತು ಬಂದು ಗೋವಿನಕೋವಿಯ ಆ ಅಂಗಳದಲ್ಲಿ ಇಳಿದಳೋ ಇಲ್ಲವೋ, ಸತ್ತ ದುರುಗಣ್ಣನ ಹೆಂಡತಿ ಉಡಚಮ್ಮ ಜನರನ್ನು ಸರಿಸಿಕೊಂಡು ಬಂದು ಅದನ್ನು ಅವಳ ಅಂಗೈಯಲ್ಲಿಟ್ಟಳು. ಮೈ ತೊಳೆಯುವ ಮೊದಲು ಹೆಣದ ಉಡಿದಾರ ಕಡಿಯಬೇಕು. ಅದನ್ನು ಡಾಕ್ಟರಮ್ಮನೇ ಕಡಿಯಬೇಕೆಂದು ಹಟ ಹಿಡಿದು ಬೆಳಗಿನಿಂದ ಎಲ್ಲರನ್ನೂ ಕಾಯಿಸಿದ್ದಳು.

ಹಿರಿಯ ಜುಂಜಪ್ಪನಿಗೆ ಇದು ಸರಿಬರಲಿಲ್ಲ. "ಮಗ ಇದ್ದಾನೆ, ನಾವಿದೀವಿ. ಹೆಣ್ಮಗಳು ಕಡಿಯೋದು ಎಲ್ಲೈತೆ?"

"ಹೊಟ್ಟೇನೇ ಕೊಯ್ದೋಳು ಕಣಣ್ಣ. ದಾರ ಯಾವ ಲೆಕ್ಕ?" ಎಂದಳು ಉಡಚಮ್ಮ. ಅಳುತ್ತಿದ್ದವರೂ ಸೆರಗಿನ ಮರೆಯಲ್ಲಿ ನಕ್ಕರು.

ರುದ್ರಾಣಿಗೆ ನಗು ಬರಲಿಲ್ಲ. ಮಗ ರಮೇಶ ಫೋನಿನಲ್ಲಿ ಹೇಳಿದ್ದು ಒಂದೇ ಮಾತು, ಅಪ್ಪ ಮೆಕ್ಕೆಜೋಳದ ಮೂಟೆ ಎತ್ತುವಾಗ ಬಿದ್ದ ಎಂದು. ದುರುಗಣ್ಣನ ಹರ್ನಿಯಾ ಹೊಲಿದವಳು ಅವಳು. ಹೊಲಿಗೆ ಬಿಟ್ಟು, ಕರುಳು ಹೊರಬಂದು ಸಿಕ್ಕಿಕೊಂಡಿದ್ದರೆ ಈ ಸಾವು ಅವಳ ಕೈಯದೇ. ನ್ಯಾಮತಿಯ ಡಾಕ್ಟರು ಎದೆ ನಿಂತಿತು ಅಂದರಂತೆ. ಯಾರು ಸತ್ತರೂ ಕೊನೆಗೆ ಎದೆ ನಿಲ್ಲಲೇಬೇಕಲ್ಲ.

* * *

ಸರ್ಜರಿ ಕಲಿಯಲು ದೊಡ್ಡಾಸ್ಪತ್ರೆ ಸೇರಿ ವರ್ಷ ಕಳೆದರೂ ಅವಳ ಪಾಲಿಗೆ ಬಂದದ್ದು ಗಾಯ ಅಗಲಿಸುವ ಕೊಕ್ಕೆ ಹಿಡಿದು ನಿಲ್ಲುವ ಕೆಲಸ. ನೀರಿಗಿಳಿಯದೆ ಈಜು ಬಂದೀತೇ ಎಂದು ಒಳಗೊಳಗೇ ಕುದಿಯುತ್ತಿದ್ದಳು. ಅಂದು ನರ್ಸು ಕತ್ತರಿ ಹಿಡಿದು, ಹರ್ನಿಯಾ ಆಪರೇಷನ್ನಿಗೆ ಮಲಗಿಸಿದ್ದ ದುರುಗಣ್ಣನ ಉಡಿದಾರಕ್ಕೆ ಕೈ ಹಾಕಿದ್ದೇ ತಡ, ಅವನು ಟೇಬಲ್ಲಿನಿಂದ ಇಳಿದೇ ಬಿಟ್ಟ.

"ಉಸಿರಾಡೋನ ಉಡಿದಾರ ಕಡೀತೀರೇನ್ರೀ? ಅದು ಹೆಣಕ್ಕೆ ಮಾಡೋದು. ನಾ ಊರಿಗೆ ಹೊಂಟೆ."

ರುದ್ರಾಣಿ ಅವನ ಮುಂದೆ ಮಂಡಿಯೂರಿದಳು. ಬೆವರು ಕುಡಿದು ಕಲ್ಲಾಗಿದ್ದ ಗಂಟನ್ನು ಉಗುರಿನಿಂದ ಬಿಡಿಸಿ, ದಾರವನ್ನು ಇಡಿಯಾಗಿ ಅವನ ಮುಷ್ಟಿಗೇ ಕೊಟ್ಟಳು. ಅವನು ತೆಪ್ಪಗೆ ಮಲಗಿ, ಮಾಡೋದಾದರೆ ಈ ಹುಡುಗಿಯೇ ಮಾಡಲಿ ಎಂದ. ಮುಖ್ಯ ಸರ್ಜನ್ ರಘುನಾಥ ಅವಳನ್ನೇ ದಿಟ್ಟಿಸಿದರು.

"ಗಂಟು ಬಿಚ್ಚಾಕೆ ಬರುತ್ತಲ್ಲ, ಹಾಕಾಕೂ ಬರುತ್ತಾ ನೋಡೋಣ."

ಅವಳು ಕೈ ತೊಳೆದು ಗ್ಲೌಸು ತೊಟ್ಟು ಬಂದಾಗ ಚಾಕು ಅವಳಿಗೆ, ಕೊಕ್ಕೆ ರಘುನಾಥರಿಗೆ! ಚರ್ಮ ಬಾಯಿಬಿಟ್ಟಿತು. ಪುಸ್ತಕದಲ್ಲಿ ಉರುಹೊಡೆದದ್ದೆಲ್ಲ ಬೆಚ್ಚಗೆ, ಜೀವಂತವಾಗಿ ಬೆರಳಿಗೆ ಸಿಗುತ್ತಿತ್ತು. ಸೊಂಟದ ಕೆಳಗಷ್ಟೇ ಮರಗಟ್ಟಿದ್ದ ದುರುಗಣ್ಣ ಪರದೆಯಾಚೆಯಿಂದ, ಬಿಗಿಯಾಗಿ ಹೊಲಿಯವ್ವಾ, ಮೂಟೆ ಹೊರೋ ಮೈ ಇದು ಎಂದು ಹೇಳುತ್ತಲೇ ಇದ್ದ. ಕೊನೆಯ ಗಂಟು ಹಾಕಿ ಹೊರಬಂದವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಒಬ್ಬಳೇ ಕುಣಿದಳು. ಹೊಲಿಗೆ ನಿಂತಿತೋ ಇಲ್ಲವೋ ಮೂಟೆ ಹೊತ್ತ ಮೇಲೆ ತಿಳಿಯುತ್ತದೆ ಎಂದರು ರಘುನಾಥ. ಆದರೆ ಹೊಲಿಗೆ ಬಿಚ್ಚಿಸಿಕೊಂಡು ಹೋದ ದುರುಗಣ್ಣ ತಪಾಸಣೆಗೆ ಮತ್ತೆ ಬರಲೇ ಇಲ್ಲ.

* * *

ಗೋಡೆಗೆ ಆನಿಸಿ ಕೂರಿಸಿದ್ದ ದುರುಗಣ್ಣನ ಮುಂದೆ ಇಬ್ಬರು ಪಂಚೆ ಅಡ್ಡ ಹಿಡಿದರು. ಹಲಗೆಯವರು ಬಡಿತ ಏರಿಸಿದರು. ಸುತ್ತಲಿದ್ದವರಿಗೆ ಹೇಳುವ ಉಮೇದು: ಇವನು ಸಂತೆಯಲ್ಲಿ ಅಂಗಿ ಎತ್ತಿ ಗಾಯದ ಗುರುತು ತೋರಿಸುತ್ತಿದ್ದನಂತೆ, ನಮ್ಮ ಹುಡುಗಿ ಮೊದಲು ಕೊಯ್ದದ್ದು ನನ್ನನ್ನೇ ಎನ್ನುತ್ತಿದ್ದನಂತೆ.

ರುದ್ರಾಣಿ ದಾರ ಕಡಿದಳು. ಉಡಚಮ್ಮ ಅದನ್ನು ಸೆರಗಿನಲ್ಲಿ ಇಸಿದುಕೊಂಡಳು. ಮುಗಿಯಿತೆಂದು ಜುಂಜಪ್ಪ ನೀರಿಗೆ ಕೂಗಿದ. ಆದರೆ ರುದ್ರಾಣಿ ಏಳಲಿಲ್ಲ. ಹೆಣದ ಮೇಲಿನ ಬಟ್ಟೆಯನ್ನು ಇನ್ನಷ್ಟು ಸರಿಸಿ ತೊಡೆಸಂದಿನ ಹಳೇ ಹೊಲಿಗೆಯ ಗೆರೆಯ ಮೇಲೆ ಬೆರಳಿಟ್ಟಳು. ಕರುಳು ಸಿಕ್ಕಿಕೊಂಡಿದ್ದರೆ ಅಲ್ಲಿ ಗಟ್ಟಿ ಗಡ್ಡೆ ಇರಬೇಕು. ಗೆರೆಯ ಮೇಲೆ ಒತ್ತಿದಳು, ಕೆಳಗೆ ಒತ್ತಿದಳು. ಎಲ್ಲ ಕಡೆ ಸಪಾಟು. ಹೆಣದೆದುರು ಉಕ್ಕಿಬಂದ ಖುಷಿಗೆ ಅವಳಿಗೇ ನಾಚಿಕೆಯಾಯಿತು, ಆದರೂ ಖುಷಿ ಇಳಿಯಲಿಲ್ಲ. ಒತ್ತಿ ನೋಡಿದಷ್ಟಕ್ಕೇ ಪರೀಕ್ಷೆ ಮುಗಿಯುವುದಿಲ್ಲ, ಕೆಮ್ಮಿಸಿ ಹೊಲಿಗೆ ಉಬ್ಬುತ್ತದೋ ಎಂದೂ ನೋಡಬೇಕು ಎಂದು ಕಲಿತ ಬಾಯಿ ತಡೆಯಲಿಲ್ಲ.

"ದುರುಗಣ್ಣ, ಒಂದ್ಸಲ ಕೆಮ್ಮಿ," ಎಂದಳು.

ಹಲಗೆ ನಿಂತಿತು. ಅವಳು ಬೆರಳು ಒತ್ತಿಟ್ಟುಕೊಂಡು ಹಾಗೇ ಕಾದಳು.