ಲವೀಡತ್ತೆಯ ನಾಲ್ಕು ಗೋಡೆಗಳು

ಗಣಿ ಕಂಪನಿ ನಮಗೆ ಒಂಬತ್ತು ವಾರದ ಕೂಲಿ ಕೊಡಬೇಕು. ನಾವು ಗಣಿ ಕಂಪನಿಗೆ ಒಂದು ಟೋಪಿ ದೀಪ, ಗಣಿಯೊಳಗೆ ತಲೆಗೆ ಸಿಕ್ಕಿಸುವಂಥದು, ಕೊಡಬೇಕು. ಎಂಬತ್ತನಾಲ್ಕರ ಮುಷ್ಕರದ ಈ ಎರಡು ಬಾಕಿಗಳೂ ಇವತ್ತಿಗೂ ಹಾಗೇ ಉಳಿದಿವೆ. ಮೊದಲನೆಯದಕ್ಕಾಗಿ ಕರಪತ್ರ ಹಂಚಿದ್ದೇವೆ, ಗಣಿಗೆ ಹೋಗುವ ಸೇತುವೆಗೆ ಅಡ್ಡ ಮಲಗಿದ್ದೇವೆ, ಜೈಲಿನ ನೀರುನೀರಾದ ಬೀನ್ಸು ತಿಂದಿದ್ದೇವೆ. ಎರಡನೆಯದರ ಬಗ್ಗೆ ಯಾರೂ ಒಂದಕ್ಷರ ಬರೆದಿಲ್ಲ. ಆ ದೀಪ ಯಾರ ತಲೆಯ ಮೇಲಿರಬೇಕೆಂದು ನಿಶ್ಚಯಿಸಿದವಳು ಲವೀಡಾ ಹ್ಯಾಗರ್. ಅವಳ ಬಗ್ಗೆ ಬರೆಯದೆ ದೀಪದ ಬಗ್ಗೆ ಬರೆಯಲು ಬರುವುದಿಲ್ಲ.

ಲವೀಡಾ ಯಾವುದರ ಕಡೆಗೂ ಬೆರಳು ತೋರಿಸುತ್ತಿರಲಿಲ್ಲ. ಅವಳ ಅಂಗಡಿಯಲ್ಲಿ ಮೊಳೆಯ ಡಬ್ಬಿ ಎಲ್ಲಿದೆ ಎಂದು ಕೇಳಿದರೆ, ಆಶೀರ್ವಾದ ಮಾಡುವವಳಂತೆ ಅಂಗೈಯನ್ನು ಪೂರ್ತಿ ಬಿಡಿಸಿ ಆ ಕಡೆಗೆ ಚಾಚುತ್ತಿದ್ದಳು. ಕಳ್ಳನನ್ನು ತೋರಿಸುವಾಗಲೂ ಅದೇ ಅಂಗೈ, ಪಾದ್ರಿಯನ್ನು ತೋರಿಸುವಾಗಲೂ ಅದೇ ಅಂಗೈ. ಎಡ ಸೊಂಟ ತುಸು ಎತ್ತರವಾಗಿದ್ದುದರಿಂದ ಕೋಳಿ ಮೇವಿನ ಮೂಟೆಗಳಿಗೂ ಒಲೆಯ ಕೊಳವೆಗಳಿಗೂ ನಡುವಿನ ಸಂದಿಯಲ್ಲಿ ಓರೆಯಾಗಿ, ಹರಿವಿಗೆ ಅಡ್ಡ ಸಾಗುವ ದೋಣಿಯ ಹಾಗೆ ನಡೆಯುತ್ತಿದ್ದಳು. ಬೇಸಿಗೆಯಿರಲಿ, ಹಿಮ ಬೀಳುತ್ತಿರಲಿ, ಮೈಮೇಲೆ ಗಂಡಸರು ಗಣಿಗೆ ತೊಡುವಂಥ ಕಂದು ಕ್ಯಾನ್ವಾಸಿನ ಕೋಟು. ಎಡಜೇಬಿನ ಕೆಳಗೆ, ಬಣ್ಣ ಹೊಂದದ ದಾರದಲ್ಲಿ ಹೊಲಿದ ಒಂದು ತೇಪೆ. ಕಿವಿಯ ಮೇಲೆ ಬಡಗಿಯ ಚಪ್ಪಟೆ ಪೆನ್ಸಿಲು. ಮಾತಿನ ತುದಿಗೆ ಸದಾ ‘ಹೇಳು ನೋಡೋಣ’. ನಮ್ಮ ಸ್ಲೇಟ್ ಫೋರ್ಕ್ ಕಣಿವೆಯಲ್ಲಿ ವಯಸ್ಸಾದ ಹೆಂಗಸರನ್ನು ಎಲ್ಲರೂ ಅತ್ತೆ ಎಂದೇ ಕರೆಯುವುದು. ಅವಳಿಗೆ ಮಾತ್ರ ಆ ಪದವಿ ಮೂವತ್ತು ತುಂಬುವ ಮೊದಲೇ ಬಂದಿತ್ತಂತೆ.

ಅವಳ ಕಬ್ಬಿಣದ ಅಂಗಡಿಯ ಹಿಂಭಾಗದಲ್ಲಿ ಕೋವಿಗಳ ಗೂಡಿತ್ತು. ಬೇರೆ ಊರುಗಳಲ್ಲಿ ಕೋವಿ ಕೊಳ್ಳುವವನು ದುಡ್ಡು ಎಣಿಸಿ, ಅರ್ಜಿ ತುಂಬಿ ಮನೆಗೆ ಹೋಗುತ್ತಾನೆ. ಲವೀಡಾಳ ಹತ್ತಿರ ಮಾತ್ರ, ಮನೆ ಕಾಯಲು ಕೋವಿ ಬೇಕೆಂದವನು ಮೊದಲು ಚಿತ್ರ ಬರೆಯಬೇಕಿತ್ತು. ಕ್ಲೀಟಸ್ ಮಲಿನ್ಸ್ ಎಂಬ ನಮ್ಮ ಗಣಿ ಕಾರ್ಮಿಕ ಸಂಘದ ಭಾರೀ ಆಳು ಒಮ್ಮೆ ಬಂದು ಎದೆ ಉಬ್ಬಿಸಿ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ.

“ಅತ್ತೆ, ಅಂಗಡೀಲಿರೋ ರಿವಾಲ್ವರಲ್ಲೇ ದೊಡ್ಡದು ಕೊಡು.”

“ಯಾತಕ್ಕೆ?”

“ಮನೆ ಕಾಯೋಕೆ.”

“ಹಾಗಾದ್ರೆ ಮನೆ ಬರಿ.” ಪೊಟ್ಟಣ ಕಟ್ಟುವ ಕಂದು ಕಾಗದದ ಒಂದು ಹಾಳೆ ಹರಿದು ಅವನ ಮುಂದೆ ಹಾಸಿದಳು. “ಬಾಗಿಲೆಲ್ಲಿ, ಒಲೆಯೆಲ್ಲಿ, ಯಾರು ಎಲ್ಲಿ ಮಲಗ್ತಾರೆ. ಹೇಳು ನೋಡೋಣ.”

ಕಲ್ಲಿದ್ದಲು ಕಡಿಯುವ ಕೈ ಪೆನ್ಸಿಲು ಹಿಡಿದು ಬೆವರಿತು. ಲವೀಡಾ ಕನ್ನಡಕ ಏರಿಸಿ ನೋಡಿದಳು.

“ಇದೇನು, ಕೋಳಿಗೂಡಾ?”

“ನನ್ನ ಮನೆ ಅತ್ತೆ.”

“ನಿಮ್ಮಮ್ಮ ಎಲ್ಲಿ?”

ಕ್ಲೀಟಸ್ ಅಮ್ಮನ ಮಂಚ ಹಾಕುವುದನ್ನೇ ಮರೆತಿದ್ದ.

“ನಲವತ್ತು ವರ್ಷ ಜೋಳದ ರೊಟ್ಟಿ ಸುಟ್ಟು ಹಾಕಿದವಳನ್ನ ಕಾಗದದ ಮೇಲೇ ಸಾಯಿಸಿಬಿಟ್ಯಲ್ಲ ಮಾರಾಯ. ಬಾ ಹಿತ್ತಲಿಗೆ.”

ಹಿತ್ತಲಲ್ಲಿ ಅವಳ ವಿದ್ಯಾಪೀಠವಿತ್ತು. ಮುರಿದುಬಿದ್ದ ತಗಡಿನ ಮನೆಯೊಂದರಿಂದ ಕಿತ್ತು ತಂದ ತೆಳುಗೋಡೆಗಳನ್ನು, ಒಂದರ ಹಿಂದೊಂದು, ಕೋಣೆಯಷ್ಟು ಅಂತರ ಬಿಟ್ಟು ನಾಲ್ಕು ನಿಲ್ಲಿಸಿದ್ದಳು. ನಾಲ್ಕನೆಯದರ ಹಿಂದೆ ಒಂದು ಸ್ಟೂಲು. ಸ್ಟೂಲಿನ ಮೇಲೆ, ಚಳಿಗಾಲಕ್ಕೆಂದು ಬೇಯಿಸಿ ತುಂಬಿಡುವಾಗ ಕೆಟ್ಟುಹೋದ ಟೊಮೆಟೊ ಹಣ್ಣಿನ ಒಂದು ಗಾಜಿನ ಜಾಡಿ. ಅದರ ಹಿಂದೆ ಗುಡ್ಡ. ಕ್ಲೀಟಸ್ ತನ್ನ ಇಷ್ಟದ ರಿವಾಲ್ವರಿನಿಂದ ಮೊದಲ ಗೋಡೆಗೆ ಒಂದೇ ಒಂದು ಗುಂಡು ಹಾರಿಸಿದ. ನಾವು ನಡೆದು ಹೋಗಿ ತೂತು ಎಣಿಸಿದೆವು. ಒಂದು, ಎರಡು, ಮೂರು, ನಾಲ್ಕು. ಸ್ಟೂಲಿನ ಕಾಲುಗಳಿಂದ ಕೆಂಪು ರಸ ತೊಟ್ಟಿಕ್ಕುತ್ತಿತ್ತು.

“ನಾಲ್ಕನೇ ಗೋಡೆ ಹಿಂದೆ ನಿಮ್ಮಮ್ಮ,” ಎಂದು ಲವೀಡಾ ಅಂಗೈ ಚಾಚಿದಳು.

ಕ್ಲೀಟಸ್ ಅಂದು ಒಂದು ದಪ್ಪ ಅಗುಳಿಯನ್ನೂ ಅದಕ್ಕೆ ಬೇಕಾದ ಆರು ತಿರುಪುಮೊಳೆಗಳನ್ನೂ ಕೊಂಡು ಮನೆಗೆ ಹೋದ.

ಇದನ್ನು ಕೇಳಿ ಅವಳಿಗೆ ಕೋವಿ ಮಾರಲು ಮನಸ್ಸಿರಲಿಲ್ಲ ಎಂದುಕೊಂಡರೆ ಮೋಸ ಹೋಗುತ್ತೀರಿ. ಧಾರಾಳವಾಗಿ ಮಾರುತ್ತಿದ್ದಳು, ಮತ್ತು ಆ ವಿಷಯದಲ್ಲಿ ಅವಳ ವಿವೇಚನೆ ವೈದ್ಯನೊಬ್ಬನ ನಾಡಿಜ್ಞಾನದಷ್ಟು ಖಚಿತವಾಗಿತ್ತು. ಗಂಟು ಕಟ್ಟಿದ ಬೆರಳಿನ ಮುದುಕಿಗೆ, ಮೇಲಿನ ಉಕ್ಕನ್ನು ಹಿಂದೆಳೆದು ಸಜ್ಜುಗೊಳಿಸಬೇಕಾದ ಪಿಸ್ತೂಲನ್ನು ಎಷ್ಟು ಬೇಡಿದರೂ ಕೊಡುತ್ತಿರಲಿಲ್ಲ; ಹಗುರ ಟ್ರಿಗರಿನ ಸಾದಾ ರಿವಾಲ್ವರು ಕೊಡುತ್ತಿದ್ದಳು. ಮನೆಯಲ್ಲಿ ಮಕ್ಕಳಿದ್ದರೆ ಬೀಗದ ಉಕ್ಕಿನ ಪೆಟ್ಟಿಗೆಯಿಲ್ಲದೆ ಕೋವಿ ಹೊಸ್ತಿಲು ದಾಟುತ್ತಿರಲಿಲ್ಲ. ಮನೆಯಲ್ಲಿಡುವ ಪ್ರತಿ ಪೆಟ್ಟಿಗೆ ತೋಟಾಕ್ಕೆ ಇನ್ನೊಂದು ಪೆಟ್ಟಿಗೆ ಅಭ್ಯಾಸಕ್ಕೆ ಕೊಳ್ಳಲೇಬೇಕು, ಅದನ್ನು ಅವಳ ಹಿತ್ತಲಲ್ಲೇ, ಅವಳ ಕಣ್ಣೆದುರೇ, ಕಿವಿಗೆ ಮುಚ್ಚಳ ಹಾಕಿಕೊಂಡು ಖಾಲಿ ಮಾಡಬೇಕು. ಚರ್ಮದ ಒರೆ, ಹೊಳೆಯುವ ಹಿಡಿ, ಗುರಿಗೆ ಕೆಂಪು ಚುಕ್ಕಿ ತೋರಿಸಲು ನಳಿಗೆಗೆ ಸಿಕ್ಕಿಸುವ ಯಂತ್ರ ಇತ್ಯಾದಿ ಅಲಂಕಾರಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಳು. ಕೇಳಿದವರಿಗೆ “ಮದುವೆ ಯಾವಾಗ?” ಎನ್ನುತ್ತಿದ್ದಳು.

ಮುಷ್ಕರದ ಐದನೇ ತಿಂಗಳಲ್ಲಿ ನೋಲಾ ಅವಳ ಅಂಗಡಿಗೆ ಬಂದಳು. ನನ್ನ ಗಾಡಿಯಲ್ಲೇ ಬಂದಳು. ಅವಳ ಗಂಡ ಡೆಲ್ಮಸ್ ಹಗಲೂ ರಾತ್ರಿ ಸೇತುವೆಯ ಧರಣಿಯಲ್ಲಿದ್ದ. ಇಬ್ಬರು ಹೆಣ್ಣುಮಕ್ಕಳೊಂದಿಗೆ ಅವಳೊಬ್ಬಳೇ ಕಣಿವೆಯ ಬಾಯಲ್ಲಿ, ತಗಡಿನ ಮನೆಯಲ್ಲಿ. ಹಿಂದಿನ ವಾರ ರಸ್ತೆಯಿಂದ ಬಂದ ಗುಂಡೊಂದು ಅಡುಗೆ ಕಿಟಕಿ ಒಡೆದು ಹಿಟ್ಟಿನ ಡಬ್ಬಿಯಲ್ಲಿ ಕೂತಿತ್ತು. ಕಂಪನಿಯ ಬಾಡಿಗೆ ಕಾವಲುಗಾರರ ಕೆಲಸವೆಂದು ಎಲ್ಲರಿಗೂ ಗೊತ್ತು. ಪೊಲೀಸರಿಗೆ ಮಾತ್ರ ಗೊತ್ತಿಲ್ಲ.

“ಅವರ ಹೆಗಲಲ್ಲಿರುತ್ತಲ್ಲ, ಕಪ್ಪು ರೈಫಲ್ಲು, ಅಂಥದೇ ಕೊಡು ಅತ್ತೆ,” ಎಂದಳು ನೋಲಾ. “ಈ ಸಲ ಬಾಗಿಲಿಗೆ ಬಂದ್ರೆ ಬಿಡೋದಿಲ್ಲ.”

ಲವೀಡಾ ಕಾಗದ ಹಾಸಿದಳು. ನೋಲಾ ಚೆನ್ನಾಗಿಯೇ ಬರೆದಳು: ಉದ್ದನೆಯ ಮನೆ, ಒಂದೇ ಬಾಗಿಲು, ಬಾಗಿಲ ಪಕ್ಕದ ಕೋಣೆಯಲ್ಲಿ ಹುಡುಗಿಯರು.

“ನೀನೆಲ್ಲಿ ನಿಲ್ತೀಯ?”

“ಇಲ್ಲಿ, ಒಲೆ ಹತ್ರ.”

ಲವೀಡಾ ಒಲೆಯಿಂದ ಬಾಗಿಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಳು. ಗೆರೆ ಸಣ್ಣವಳ ಮಂಚದ ಮೇಲೆ ಹಾದುಹೋಯಿತು. ನೋಲಾ ಆ ಗೆರೆಯನ್ನು ಹೆಬ್ಬೆರಳಿನಿಂದ ಒರೆಸಲು ನೋಡಿದಳು.

“ಹಾಗಾದ್ರೆ ಗೋಡೇಲೇ ನಿಲ್ಲೋ ತೋಟಾ ಕೊಡು.”

“ಆಳನ್ನ ನಿಲ್ಲಿಸೋ ತೋಟಾ ಯಾವುದೂ ನಿನ್ನ ಮನೆ ಗೋಡೇಲಿ ನಿಲ್ಲಲ್ಲ ಮಗಳೇ. ನಿಲ್ಲುತ್ತೆ ಅಂತ ಮಾರೋನು ಸುಳ್ಳ. ತೋಟಾ ಬದಲಾಯಿಸಿ ಏನೂ ಆಗಲ್ಲ. ಮಂಚ ಬದಲಾಯಿಸು. ನಿನ್ನ ಬೆನ್ನಿಗೆ ಮಕ್ಕಳಿರ್ಲಿ, ಬಾಗಿಲಿನ ಬೆನ್ನಿಗೆ, ರಸ್ತೆಯಾಚೆ, ಗುಡ್ಡ ಇದ್ದೇ ಇದೆ. ಇನ್ನೆಲ್ಲಿಗೂ ಕೋವಿ ತಿರುಗಬಾರದು.”

ಕಪ್ಪು ರೈಫಲ್ಲು ಗೂಡಿನಲ್ಲೇ ಉಳಿಯಿತು. ಇಪ್ಪತ್ತು ಬೋರಿನ, ಹೆಗಲಿಗೆ ಕಡಿಮೆ ಒದೆಯುವ ಗಿಡ್ಡ ಚರೆಕೋವಿಯೊಂದನ್ನು ಇಳಿಸಿ, ಹಿಂಬದಿಯ ಮರವನ್ನು ನೋಲಾಳ ತೋಳಿಗೆ ಅಳೆದು ಎರಡು ಬೆರಳಗಲ ಕೊಯ್ದು ಸರಿಮಾಡಿದಳು. ನೋಲಾಳ ಕಣ್ಣು ಗಾಜಿನ ಪೆಟ್ಟಿಗೆಯತ್ತ ಹೋಯಿತು. ಅಲ್ಲಿ ನಳಿಗೆಗೆ ಬಿಗಿಯುವ ದೀಪವೊಂದಿತ್ತು, ನಲವತ್ತು ಡಾಲರು.

“ಅದು ಬೇಡ,” ಎಂದಳು ಲವೀಡಾ. “ದೀಪ ನಳಿಗೆಗೆ ಕಟ್ಟಿದ್ರೆ, ಬಂದೋನು ಯಾರು ಅಂತ ನೋಡೋಕೂ ಅವನ ಎದೆಗೆ ಕೋವಿ ಹಿಡೀಬೇಕು. ಡೆಲ್ಮಸ್‌ನ ಟೋಪಿ ದೀಪ ಎಲ್ಲಿ?”

“ಮನೇಲಿದೆ. ಕಂಪನಿಯದು. ವಾಪಸ್ ಕೊಡಿ ಅಂತ ನೋಟೀಸು ಬಂದಿದೆ.”

“ಕೊಡೋಣ. ಅವರು ಕೂಲಿ ಕೊಟ್ಟ ದಿನ ಕೊಡೋಣ. ಅಲ್ಲೀವರೆಗೆ ನಿನ್ನ ತಲೆ ಮೇಲಿರ್ಲಿ. ಕತ್ತು ತಿರುಗಿಸಿದ ಕಡೆ ಬೆಳಕು, ಎರಡು ಕೈಯೂ ಖಾಲಿ. ಹೆಸರು ಕೇಳು. ಬೆಳಕು ಬಿಡು. ಮುಖ ನೋಡು. ನೋಡೋವರೆಗೂ ನಳಿಗೆ ನೆಲಕ್ಕೆ, ಬೆರಳು ಟ್ರಿಗರಿಂದ ಹೊರಗೆ. ಈಗ ನೀನು ಹೇಳು ನೋಡೋಣ.”

ನೋಲಾ ಹೇಳಿದಳು. ಲವೀಡಾ ಹನ್ನೊಂದು ಸಲ ಹೇಳಿಸಿದಳು. ಅದೇ ಮಧ್ಯಾಹ್ನ ನಾನೂ ಕ್ಲೀಟಸನೂ ಹೋಗಿ ಹುಡುಗಿಯರ ಮಂಚಗಳನ್ನು ಹಿಂದಿನ ಕೋಣೆಗೆ ಹೊತ್ತು ಹಾಕಿದೆವು. ಬಟ್ಟೆ ಒಗೆಯುವ ಯಂತ್ರದ ಪಕ್ಕ ಮಲಗುವುದಿಲ್ಲವೆಂದು ಸಣ್ಣವಳು ನಮ್ಮಿಬ್ಬರ ವಿರುದ್ಧವೇ ಧರಣಿ ಕೂತಳು.

ಮೂರು ವಾರಗಳ ನಂತರ, ಬೆಳಗಿನ ಮಂಜಿನಲ್ಲಿ, ಸೇತುವೆಯ ಮೇಲೆ ಡೆಲ್ಮಸ್ ಮತ್ತು ಇನ್ನೂ ಹನ್ನೊಂದು ಜನರನ್ನು ಪೊಲೀಸರು ಎತ್ತಿಕೊಂಡು ಹೋದರು. ಸುದ್ದಿ ಮುಟ್ಟಿಸಲು ನಾನು ನೋಲಾಳ ಮನೆಗೆ ಓಡಿದೆ. ನಮ್ಮ ಕಣಿವೆಯಲ್ಲಿ ಯಾರ ಮನೆಗೆ ಹೋಗುವವನೂ ರಸ್ತೆಯಲ್ಲೇ ನಿಂತು ತನ್ನ ಹೆಸರು ಕೂಗಬೇಕು; ಒಳಗಿನಿಂದ ಬಾ ಎಂದ ಮೇಲೆ ಅಂಗಳಕ್ಕೆ ಕಾಲಿಡಬೇಕು. ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ವಿಷಯ. ತಿರುವಿನಲ್ಲಿ ಕಾವಲುಗಾರರ ಜೀಪು ನಿಂತಿತ್ತು. ಮಹಾ ಜಾಣನಂತೆ ನಾನು ಬಾಯಿ ಮುಚ್ಚಿಕೊಂಡು, ಅವರು ತೊಡುವಂಥದೇ ಕಪ್ಪು ಮಳೆಕೋಟಿನಲ್ಲಿ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಹೋಗಿ ಬಾಗಿಲ ಹಿಡಿ ತಿರುಗಿಸಿದೆ. ಸರಪಳಿ ತಡೆದು ಬಾಗಿಲು ಗೇಣಗಲ ತೆರೆಯಿತು.

“ಯಾರು?”

ಓಡಿ ಬಂದ ಗಂಟಲು, ಸ್ವರ ಹೊರಡಲಿಲ್ಲ. ಟೋಪಿ ದೀಪ ಹೊತ್ತಿತು. ಕಣ್ಣು ಕುರುಡಾಗುವಂಥ ಆ ಬಿಳಿ ಬೆಳಕಿನ ಕೆಳಗೆ ನನಗೆ ಕಂಡದ್ದು ಎರಡೇ: ನೆಲ ನೋಡುತ್ತಿದ್ದ ನಳಿಗೆ, ಮತ್ತು ಕೋವಿಯ ಮರದ ಮೇಲೆ ನೇರವಾಗಿ ಚಾಚಿಕೊಂಡಿದ್ದ ಅವಳ ಬೆರಳು.

“ವರ್ಲಿನ್ ಅಣ್ಣ?”

“ಹೂಂ.”

“ಬಾಯಲ್ಲಿ ಏನು ತುಂಬ್ಕೊಂಡಿದ್ದೆ?” ಎಂದವಳೇ ಕೋವಿಯನ್ನು ಮೇಜಿನ ಮೇಲಿಟ್ಟು, ದೀಪ ಆರಿಸುವುದನ್ನೂ ಮರೆತು ನೆಲದ ಮೇಲೆ ಕೂತಳು. ಹಿಂದಿನ ಕೋಣೆಯಲ್ಲಿ ಮಕ್ಕಳು ನಿದ್ದೆಯಲ್ಲೇ ಇದ್ದರು.

ಅದೇ ಬೆಳಿಗ್ಗೆ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಲವೀಡಾ ಮೊಳೆ ತೂಗುತ್ತಿದ್ದಳು, ತಲೆಯೆತ್ತಲಿಲ್ಲ.

“ಅವಳು ಹೊಡೆದು, ಗುರಿ ತಪ್ಪಿದ್ದಿದ್ರೆ ಗುಂಡು ಎಲ್ಲಿಗೆ ಹೋಗ್ತಿತ್ತು?”

“ಗುಡ್ಡಕ್ಕೆ.”

“ತಗುಲಿದ್ದಿದ್ರೆ?”

ನಾನು ಟೋಪಿ ತೆಗೆದೆ.

“ರಸ್ತೇಲಿ ನಿಂತು ಕೂಗೋಕೆ ಏನು ರೋಗ ನಿಂಗೆ, ಕತ್ತೆ?”

ಆಮೇಲೆ, ಇಪ್ಪತ್ತು ವರ್ಷಗಳಲ್ಲಿ ನಾನು ನೋಡಿದ ಹಾಗೆ ಮೊದಲ ಸಲ, ಆ ಕೋಟನ್ನು ಬಿಚ್ಚಿ ಕಟ್ಟೆಯ ಮೇಲೆ ಹಾಸಿದಳು. ತೇಪೆಯನ್ನು ಅಂಗೈಯಿಂದ ಸವರಿದಳು.

“ನಮ್ಮಣ್ಣ ಎಮರೀದು ಈ ಕೋಟು. ಗಣೀಲಿ ಗ್ಯಾಸ್ ಬಂತು ಅಂತ ಪಾಳಿ ಅರ್ಧಕ್ಕೇ ಬಿಟ್ಟಿದ್ರು. ಅಮ್ಮನ ನಿದ್ದೆ ಕೆಡಬಾರ್ದು ಅಂತ ಮೆತ್ತಗೆ ಬಂದ, ಅವನೂ ಕೂಗಲಿಲ್ಲ. ಬಾಗಿಲ ಮೇಲೆ ಅಪ್ಪನ ಕೋವಿ ತುಂಬಿದ್ದು ತುಂಬಿದ ಹಾಗೇ ಇರ್ತಿತ್ತು. ಹೊಡೆದವಳು ನಾನು. ಹತ್ತೊಂಬತ್ತು ನಂಗೆ.” ಕೋಟು ಮತ್ತೆ ಹಾಕಿಕೊಂಡಳು. “ಬಂದಿದ್ದೀಯಲ್ಲ, ಮೊಳೆ ಬೇಕಾ ನಿಂಗೆ?”

ನಾಲ್ಕು ಪೌಂಡು ಮೊಳೆ ಕೊಂಡುಕೊಂಡೆ. ಬೇಕಿರಲಿಲ್ಲ.

ಮುಷ್ಕರ ಸೋತಿತು, ಗಣಿ ಮುಚ್ಚಿತು. ಡೆಲ್ಮಸ್ ಜೈಲಿನಿಂದ ಬಂದು ತನ್ನ ಮನೆಯ ಮುಂದಿನ ರಸ್ತೆಯಲ್ಲೇ ನಿಂತು ತನ್ನ ಹೆಸರು ಕೂಗಿ ಒಳಗೆ ಹೋದ. ನಾವು ನಕ್ಕೆವು, ಅವನು ನಗಲಿಲ್ಲ. ನೋಲಾ ಆ ಕೋವಿಯನ್ನು ಹಿತ್ತಲಿನ ಗೋಡೆಗಳಿಗಲ್ಲದೆ ಬೇರೆ ಯಾವುದಕ್ಕೂ ಹಾರಿಸಲಿಲ್ಲ. ಕಾವಲುಗಾರರು ಎರಡನೇ ಸಲ ಬಂದಾಗ ಆ ದೀಪ ಅವರ ಮುಖದ ಮೇಲೆ ಬಿದ್ದು, ಅವಳು ಅವರಿಬ್ಬರ ಹೆಸರನ್ನೂ ಗಟ್ಟಿಯಾಗಿ ಕೂಗಿ ಹೇಳಿದ್ದಕ್ಕೇ ಅವರು ಜೀಪು ತಿರುಗಿಸಿದರು. ಲವೀಡಾ ಸತ್ತ ಮೇಲೆ ಅವಳನ್ನು ಆ ಕೋಟಿನಲ್ಲೇ ಹೂಳಿದೆವು.

ಚಳವಳಿಯಲ್ಲಿ ಮೂವತ್ತು ವರ್ಷ ಕಳೆದ ಮೇಲೆ ಇಷ್ಟು ಹೇಳಬಲ್ಲೆ. ಬಾಗಿಲಾಚೆ ಎಷ್ಟು ಶತ್ರುಗಳಿದ್ದಾರೆಂದು ಲೆಕ್ಕ ಹಾಕುವವರು ನಮ್ಮಂಥವರು. ಅಂಥವರಿಂದ ಸಭೆ ತುಂಬುತ್ತದೆ. ಬಾಗಿಲೊಳಗೆ ಯಾರು ಯಾರು ಮಲಗಿದ್ದಾರೆಂದು ಮೊದಲು ಲೆಕ್ಕ ಹಾಕುವವರು ಊರಿಗೊಬ್ಬರೂ ಇರುವುದಿಲ್ಲ. ಅವರು ಆಯುಧಕ್ಕೆ ಹೆದರುವವರೂ ಅಲ್ಲ, ಆಯುಧಕ್ಕೆ ಅಡ್ಡ ಬೀಳುವವರೂ ಅಲ್ಲ. ಅದು ಏನು ಮಾಡುತ್ತದೆಂದು ಬಲ್ಲವರು, ಬಲ್ಲದ್ದನ್ನು ಜೀವಮಾನವಿಡೀ ಮೈಮೇಲೆ ತೊಟ್ಟು ತಿರುಗಿದವರು. ಒಂದು ಕಣಿವೆ ಬದುಕಿ ಉಳಿಯುವುದು ಅಂಥವರ ಹಟದಿಂದ.

ನೀವು ಕೋವಿ ಇಡುವವರೋ, ದೊಣ್ಣೆ ಇಡುವವರೋ, ನಾಯಿ ಸಾಕುವವರೋ ನನಗೆ ಗೊತ್ತಿಲ್ಲ. ಒಂದು ಕಾಗದ ತೆಗೆಯಿರಿ. ನಿಮ್ಮ ಮನೆ ಬರೆಯಿರಿ. ಯಾರು ಎಲ್ಲಿ ಮಲಗುತ್ತಾರೆ, ಹೇಳಿ ನೋಡೋಣ.