ಹೆಸರು ಬರೆಸುವಷ್ಟು ಹೊತ್ತು

ಹೊಸದುರ್ಗದ ಹಳೇ ಪೇಟೆಯಲ್ಲಿ ನನ್ನ ರವಿಕೆ ಕಣದ ಅಂಗಡಿಗೂ ಕಾಟಲಿಂಗಪ್ಪನ ಪಾತ್ರೆ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಹದಿನಾರು ವರ್ಷ ಆ ಗೋಡೆಯಾಚೆಯಿಂದ ಹೆಸರು ಬರೆಯುವ ಮಿಷನ್ನಿನ ಕಿರ್ರ್ ಸದ್ದು ಕೇಳಿದ್ದೇನೆ. ನಮ್ಮ ಕಡೆ ಮದುವೆ ಮುಯ್ಯಿಗೆ ಸ್ಟೀಲ್ ಪಾತ್ರೆ ಕೊಡುವವರು ಅದರ ಮೇಲೆ ತಮ್ಮ ಹೆಸರು, ಊರು ಕೊರೆಸದೆ ಕೊಡುವುದಿಲ್ಲ. ಯಾರು ಕೊಟ್ಟದ್ದೆಂದು ನಾಳೆ ಗೊತ್ತಾಗಬೇಕಲ್ಲ.

"ಏನ್ರೀ, ತಟ್ಟೆ ಕೊರಿತೀರೋ, ನನ್ನ ತಲೆ ಕೊರಿತೀರೋ?" ಎಂದು ದಿನಕ್ಕೊಮ್ಮೆಯಾದರೂ ಜಗಳ ತೆಗೆಯುತ್ತಿದ್ದೆ.

ಹೋದ ವರ್ಷ ಬಸ್ ಸ್ಟ್ಯಾಂಡ್ ಹತ್ತಿರ ಹೊಸ ಕಾಂಪ್ಲೆಕ್ಸ್ ಎದ್ದಿತು. ಮೊದಲ ಹರಾಜಿನಲ್ಲೇ ಆತ ಹಿಂದಿನ ಸಾಲಿನ ಮಳಿಗೆಯೊಂದನ್ನು ಹಿಡಿದು ಹೋದ. ಪೀಡೆ ತೊಲಗಿತೆಂದು ನಾನು ಮಂಡಕ್ಕಿ, ಮೆಣಸಿನಕಾಯಿ ತರಿಸಿ ತಿಂದೆ.

ಎರಡು ತಿಂಗಳಿಗೆ ನನ್ನ ವ್ಯಾಪಾರ ಅರ್ಧಕ್ಕಿಳಿಯಿತು. ಬಟ್ಟೆ ಅದೇ, ದರ ಅದೇ, ರಸ್ತೆ ಅದೇ, ನನ್ನ ಬಾಯಿಯೂ ಅದೇ. ಹಾಗಾದರೆ ಹೆಂಗಸರು ಎಲ್ಲಿ ಹೋದರು? ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ.

ಅಷ್ಟರಲ್ಲಿ ಉಳಿದ ಮಳಿಗೆಗಳ ಹರಾಜು ಶುಕ್ರವಾರಕ್ಕೆ ನಿಗದಿಯಾಯಿತು. ಚಿತ್ರದುರ್ಗದಲ್ಲಿ ಬಿ.ಕಾಂ. ಓದುವ ಮಗಳು ಕೀರ್ತನಾ ಹೇಳಿದಳು: "ಅಮ್ಮ, ಮುಂದಿನ ಸಾಲಿನ ಎರಡನೇ ನಂಬರ್ ಹಿಡಿ. ಬಸ್ ಇಳಿದೋರ ಕಣ್ಣಿಗೆ ಮೊದಲು ಬೀಳೋದೇ ಅದು."

ಒಮ್ಮೆ ಹಿಡಿದರೆ ಹನ್ನೆರಡು ವರ್ಷದ ಕರಾರು. ನನ್ನ ಕೈಲಿದ್ದದ್ದು ಒಂದು ಮಳಿಗೆಯ ಠೇವಣಿ ಮಾತ್ರ. ಜಾಗದ ಆಯ್ಕೆ ತಪ್ಪಿದರೆ ಅಂಗಡಿ ಅಲ್ಲಿಗೆ ಮುಗಿಯಿತು.

ನೋಡದೆ ಹಿಡಿಯುವವಳಲ್ಲ ನಾನು. ಬುಧವಾರ ಅಂಗಡಿ ಬಾಗಿಲು ಹಾಕಿ, ಎರಡನೇ ನಂಬರಿನ ಎದುರಿನ ಕಟ್ಟೆಯ ಮೇಲೆ ಕುಳಿತೆ. ಬಾಗೂರು ಬಸ್ಸು ಬಂತು, ಮತ್ತೋಡು ಬಸ್ಸು ಬಂತು. ಇಳಿದವರಲ್ಲಿ ಒಬ್ಬರಾದರೂ ಅತ್ತ ತಿರುಗಬೇಕಲ್ಲ! ಆಧಾರ್ ತಿದ್ದಿಸುವವರು, ಆಸ್ಪತ್ರೆ ಚೀಟಿ ಹಿಡಿದವರು, ಎಲ್ಲರಿಗೂ ಓಟ. ವಾಪಸ್ ಬಂದವರ ಕಣ್ಣು ಬಸ್ಸಿನ ಬೋರ್ಡಿನ ಮೇಲೆ.

ಹಿಂದಿನ ಸಾಲಿಗೆ ಹೋದೆ. ಕಾಟಲಿಂಗಪ್ಪನ ಮುಂದೆ ಹೆಂಗಸರ ಗುಂಪು. ಒಬ್ಬಾಕೆ ತಟ್ಟೆಗಳನ್ನೂ ಹೆಸರು ಬರೆದ ಚೀಟಿಯನ್ನೂ ಕೊಟ್ಟಳು.

"ಅರ್ಧ ಗಂಟೆ ಆಗ್ತೈತೆ ಅಕ್ಕಾರೆ, ಒಂದು ಸುತ್ತು ಹಾಕ್ಕಂಬರ್ರಿ" ಎಂದ ಆತ.

ಆಕೆ ಎಡಕ್ಕಿದ್ದ ನೈಟಿ ಅಂಗಡಿಗೆ ಹೋಗಿ, ಪೊಟ್ಟಣ ಹಿಡಿದೇ ಹೊರಬಂದಳು. ಹಿಂದೆಯೇ ಇನ್ನೊಬ್ಬಳು ಹೋದಳು. ಮಧ್ಯಾಹ್ನದೊಳಗೆ ತಟ್ಟೆ ಕೊಟ್ಟವರು ಹನ್ನೊಂದು ಜನ, ಅವರಲ್ಲಿ ನೈಟಿ ಅಂಗಡಿಗೆ ಹೊಕ್ಕವರು ಏಳು. ಬಲಗಡೆಯ ಹದಿನಾಲ್ಕನೇ ನಂಬರಿನ ಶಟರ್ ಮಾತ್ರ ಮುಚ್ಚಿತ್ತು.

ನನಗೆ ಮೈಯೆಲ್ಲ ಉರಿಯಿತು. ಹದಿನಾರು ವರ್ಷ ನನ್ನ ಬಣ್ಣಗಳಿಗೆ ಮನಸೋತು ಜನ ಬರುತ್ತಾರೆಂದುಕೊಂಡಿದ್ದೆ. ಅವರು ಬಂದದ್ದು ಹೊತ್ತು ಕಳೆಯಲು!

"ಯಾಕ್ರೀ ಇಷ್ಟು ದಿನ ಹೇಳ್ಲಿಲ್ಲ?" ಎಂದು ಆತನ ಮೇಲೇ ಹರಿಹಾಯ್ದೆ.

"ಏನು ಹೇಳಾಣ ನೇತ್ರಮ್ಮ? ನಂಗೂ ಗೊತ್ತಿದ್ದಿಲ್ಲ. ಬಾಡಿಗೆ ಕಮ್ಮಿ ಅಂತ ಈ ಮೂಲೆಗೆ ಬಂದೆ. ಗಿರಾಕಿ ಹುಡುಕ್ಕಂಡು ಬಂದ್ರು."

"ಪಕ್ಕದ್ದು ಯಾಕೆ ಖಾಲಿ?"

"ಮಿಷನ್ ಸದ್ದಿಗೆ. ನಿಮ್ಮಂಥ ಬಾಯಿ ಬಡಕರು ಊರಲ್ಲಿ ಇನ್ನೂ ಅವರೆ."

ಶುಕ್ರವಾರ ಎರಡನೇ ನಂಬರಿಗೆ ಮೊಬೈಲ್ ಅಂಗಡಿಯವರು ಬಡಿದಾಡಿದರು. ಹದಿನಾಲ್ಕಕ್ಕೆ ಕೈ ಎತ್ತಿದವಳು ನಾನೊಬ್ಬಳೇ. "ಅಮ್ಮ, ಹುಚ್ಚು ಹಿಡಿತಾ?" ಎಂದು ಕೀರ್ತನಾ ಸೆರಗು ಜಗ್ಗಿದಳು. ಎತ್ತಿದ ಕೈ ಇಳಿಸಲಿಲ್ಲ.

ಅಂಗಡಿ ತೆರೆದ ದಿನ ಹತ್ತೂವರೆವರೆಗೆ ನರಪಿಳ್ಳೆ ಇಲ್ಲ. ಮಗಳು ಮೋರೆ ಊದಿಸಿಕೊಂಡು ಕುಳಿತಿದ್ದಳು, ನಾನು ಮಡಿಸಿದ ಕಣಗಳನ್ನೇ ಮತ್ತೆ ಮಡಿಸುತ್ತಿದ್ದೆ. ಆಗ ಶ್ರೀರಾಂಪುರದ ಕಡೆಯ ಹೆಂಗಸೊಬ್ಬಳು ಎರಡು ಡಜನ್ ತಟ್ಟೆ ತೆಗೆದುಕೊಂಡು ಕಾಟಲಿಂಗಪ್ಪನಿಗೆ ಹೇಳುತ್ತಿದ್ದುದು ಕೇಳಿಸಿತು.

"ನಮ್ಮೆಜಮಾನ್ರು, ನಾನು, ಅತ್ತೆ, ಮಾವ, ಎಲ್ಲಾರ ಹೆಸರೂ ಹಾಕ್ರಿ. ಊರೂ ಇರ್ಲಿ, ತಾಲ್ಲೂಕೂ ಇರ್ಲಿ."

"ಎರಡು ಗಂಟೆ ಆಗ್ತೈತ್ರಿ ಅಕ್ಕಾರೆ."

ಆಕೆ ಅತ್ತಿತ್ತ ನೋಡಿದಳು. ನಾನು ಹೊರಗೆ ಬಂದು, "ಬರ್ರಿ ಅಕ್ಕ, ಕುಂತ್ಕಳ್ರಿ, ತಗಳ್ದಿದ್ರೂ ಪರವಾಗಿಲ್ಲ, ಸುಮ್ನೆ ನೋಡ್ರಿ" ಎಂದೆ. ಕುಳಿತಳು. ಕೀರ್ತನಾ ಹಸಿರು ಕಣ ಬಿಚ್ಚಿದಳು, ಆಕೆ ಕೆಂಪು ಕೇಳಿದಳು, ಅದನ್ನೂ ಬಿಚ್ಚಿದಳು.

ಪಕ್ಕದಲ್ಲಿ ಮಿಷನ್ ಜೋರಾಗಿ ಓಡತೊಡಗಿತು. ಹೊರಗೆ ಬಗ್ಗಿ ನಾನು ಕೂಗಿದೆ:

"ಕಾಟಲಿಂಗಣ್ಣ, ಅವಸರ ಮಾಡಬ್ಯಾಡ್ರಿ! ಅಕ್ಷರ ದುಂಡಗೆ ಬರ್ಲಿ!"