ಇಳಿಸಿದ ಫಲಕ

ಬಿಜಾಪುರದ ನಜೀರ್ ಅಮೆರಿಕದ ಡೆಟ್ರಾಯಿಟ್ ಪಕ್ಕದ ಊರಿನಲ್ಲಿ ಕಿಟಕಿಗಾಜು ಕೂರಿಸುವ ಕೆಲಸ ಮಾಡುತ್ತಿದ್ದ. ೨೦೦೯ರ ಚಳಿಗಾಲ. ಕಾರ್ಖಾನೆಗಳು ಮುಚ್ಚಿ, ಜನ ಒಡೆದ ಗಾಜಿಗೆ ರಟ್ಟು ಅಂಟಿಸಿಕೊಂಡು ದಿನ ತಳ್ಳುತ್ತಿದ್ದರು. ಅವನನ್ನು ಮತ್ತೆ ಮತ್ತೆ ಕರೆಯುತ್ತಿದ್ದದ್ದು ಯಹೂದಿಗಳ ಒಂದು ಸಣ್ಣ ಪ್ರಾರ್ಥನಾ ಮಂದಿರ ಮಾತ್ರ. ಮೂರು ತಿಂಗಳಲ್ಲಿ ಮೂರನೇ ಸಲ ಅಲ್ಲಿ ಕಲ್ಲು ಬಿದ್ದಿತ್ತು. ಈ ಸಲ ಗೋಡೆಯ ಮೇಲೆ, ‘ನಮ್ಮ ಕೆಲಸ ತಿಂದವರು ನೀವೇ’ ಎಂದೂ ಬರೆದಿದ್ದರು.

ಗಾಜು ಕೂರಿಸಿದ ಮೇಲೆ, ಮಂದಿರ ನೋಡಿಕೊಳ್ಳುತ್ತಿದ್ದ ಮುದುಕ ಗುರ್ವಿಟ್ಸ್ ಬಾಗಿಲ ಮೇಲಿನ ಫಲಕ ತೋರಿಸಿದರು.

“ಅದನ್ನೂ ಇಳಿಸಿಬಿಡಪ್ಪಾ.”

“ಯಾಕೆ ಸರ್? ಹೆಸರು ಹಾಕ್ಕೊಳ್ಳೋ ಹಕ್ಕು ನಿಮಗಿದೆಯಲ್ಲ?”

“ಹಕ್ಕಿದೆ. ಆದರೆ ಹೆಸರು ಕಾಣದೇ ಇದ್ರೆ ಕಲ್ಲು ಬೀಳಲ್ವೇನೋ, ಜನ ಹೆದರದೆ ಬರ್ತಾರೇನೋ ಅಂತ. ಹತ್ತು ಗಂಡಸರು ಸೇರದೆ ನಮ್ಮ ಪ್ರಾರ್ಥನೆ ಪೂರ್ತಿ ಆಗಲ್ಲ. ಹೋದ ವಾರ ಬಂದಿದ್ದು ಆರೇ ಜನ.”

ನಜೀರ್ ಏಣಿ ಹತ್ತಿದ. ಕಳ್ಳತನಕ್ಕೆ ಇಳಿದವನಂತೆ, ತುಕ್ಕು ಹಿಡಿದ ಸ್ಕ್ರೂಗಳನ್ನು ಸದ್ದಾಗದ ಹಾಗೆ ಬಿಚ್ಚಿದ. ಕೆಳಗೆ ಗುರ್ವಿಟ್ಸ್ ಎರಡೂ ಕೈ ಚಾಚಿ ಫಲಕ ತೆಗೆದುಕೊಂಡು, ಕೋಟಿನ ತೋಳಿನಿಂದ ಅದರ ಧೂಳು ಒರೆಸಿದರು.

ಮನೆಗೆ ಬಂದು ಇದನ್ನು ಹೆಂಡತಿ ಮುಸರ್ರತ್‌ಗೆ ಹೇಳಿದ.

“ನಮ್ಮ ಮಸೀದಿ ಬೋರ್ಡ್ ಇಳಸೋದು ಯಾವಾಗ್ರಿ?” ಎಂದು ಕೇಳಿದಳು.



ಫಲಕ ಇಳಿಸಿದರೂ ಕಲ್ಲು ಬೀಳುವುದು ನಿಲ್ಲಲಿಲ್ಲ, ಜನವೂ ಬರಲಿಲ್ಲ. ಏಪ್ರಿಲ್‌ನಲ್ಲಿ ಕಟ್ಟಡ ಮಾರಾಟಕ್ಕೆ ಬಂತು. ವಾರದ ಪ್ರಾರ್ಥನೆಯ ಕೊನೆಯ ಶನಿವಾರ ಗುರ್ವಿಟ್ಸ್ ಒಬ್ಬರೇ ಕೂತು, ಒಬ್ಬನಿಗೆ ಹೇಳಲು ಅನುಮತಿಯಿದ್ದಷ್ಟು ಪ್ರಾರ್ಥನೆ ಹೇಳಿ ಎದ್ದರಂತೆ.